ಮನೆ ಹೊತ್ತು ಬಂದ ನೆಂಟರು

ಹೋದ ಸುಗ್ಗಿಯಲ್ಲಿ ಊರಿಗೆ ಬಂದ ನನ್ನ ಸೋದರಳಿಯ ರಾತ್ರಿ ಊಟ ಮುಗಿಸಿ ಜಗುಲಿ ಮೇಲೆ ಕೂತು ಒಂದು ಮಾತು ಕೇಳಿದ. “ಮಾವ, ಹಳ್ಳದ ಮೇಲ್ಗಡೆ ಅರ್ಧ ಎಕರೆ ಬೀಳು ಬಿದ್ದದಲ್ಲ, ಅದ್ನ ನಂಗೆ ಬಾಡಿಗೆಗೆ ಕೊಡ್ತೀಯ? ನಾಕು ಗಾಡಿ ನಿಲ್ಲಿಸೋಕೆ ಜಾಗ ಬೇಕು ಕನ.”

ಅವನು ಬೆಂಗಳೂರಿನಲ್ಲಿ ಓಡಿಸುವುದು ಮಾಮೂಲಿ ಗಾಡಿಯಲ್ಲ, ಕಾರವಾನ್. ಹೊರಗಿನಿಂದ ನೋಡಿದರೆ ಸಣ್ಣ ಬಸ್ಸಿನ ಹಾಗೆ ಕಾಣುತ್ತದೆ. ಒಳಗೆ ಎರಡು ಮಂಚ, ಮಡಚುವ ಮೇಜು, ಗ್ಯಾಸ್ ಒಲೆ, ಫ್ರಿಜ್ಜು, ಸ್ನಾನಕ್ಕೆ ಕಕ್ಕಸಿಗೆ ಒಂದು ಪುಟ್ಟ ಕೋಣೆ, ಮೇಲೆ ನೀರಿನ ಟ್ಯಾಂಕು, ಕೆಳಗೆ ಕೊಳೆ ನೀರಿನ ಟ್ಯಾಂಕು. ಊರೂರು ಸುತ್ತುವವರು ಲಾಡ್ಜು ಹುಡುಕಬೇಕಾಗಿಲ್ಲ, ಮನೆಯೇ ಜೊತೆಯಲ್ಲಿ ಬರುತ್ತದೆ. ಕೇರಳ ಸರ್ಕಾರ 2021ರಲ್ಲಿ ಇದಕ್ಕೆಂದೇ ಒಂದು ನೀತಿ ಮಾಡಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಇದಕ್ಕೆ ಜಾಗ ಸಿಕ್ಕಿದೆ. ನಮ್ಮ ತಾಳವಾಡಿ ಬೆಟ್ಟದ ತಂಪು, ಸುತ್ತಲಿನ ಸತ್ಯಮಂಗಲ ಹುಲಿ ಕಾಡು, ಗಾಜನೂರಿನಲ್ಲಿ ಡಾ. ರಾಜ್‌ಕುಮಾರ್ ಹುಟ್ಟಿದ ಮನೆ, ದೀಪಾವಳಿ ಕಳೆದ ಮೇಲೆ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬ, ಇವನ್ನೆಲ್ಲ ನೋಡಲು ಜನ ಬಂದೇ ಬರುತ್ತಾರೆ ಅನ್ನುವುದು ಅವನ ಲೆಕ್ಕ.

ಕೊಡ್ತೀನಿ ಅಂತಲೂ ಹೇಳಲಿಲ್ಲ, ಕೊಡಲ್ಲ ಅಂತಲೂ ಹೇಳಲಿಲ್ಲ. ಬಾಡಿಗೆ ದುಡ್ಡು ಬೇಡವೆನ್ನುವಷ್ಟು ನಾನು ಉಳ್ಳವನಲ್ಲ. ಆದರೂ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮನೆಯನ್ನೇ ಹೊತ್ತುಕೊಂಡು ಬರುವವನು ನಮಗೆ ಏನಾಗಬೇಕು? ನೆಂಟನೇ, ಗಿರಾಕಿಯೇ, ಇಲ್ಲ ಬರೀ ದಾರಿಹೋಕನೇ? ಅವನಿಗೆ ನಾವು ಕೊಡಬೇಕಾದ್ದೇನು, ನಮಗೆ ಅವನು ಕೊಡಬೇಕಾದ್ದೇನು?

ನಾನು ಈ ಗಾಡಿಯಲ್ಲಿ ಒಂದು ಸಲ ಕೂತು ಹೋಗಿದ್ದೇನೆ. ಅಳಿಯನ ಜೊತೆ ಹೋಗುವ ಕ್ಲೀನರ್ ಹುಡುಗ ಜ್ವರ ಬಂದು ಮಲಗಿದ್ದಾಗ “ನೀನೇ ಬಾ ಮಾವ, ಕಡಲು ನೋಡ್ದಂಗೂ ಆಯ್ತದ” ಎಂದು ಕರೆದ. ಗಿರಾಕಿಗಳೂ ಒಪ್ಪಿದರು. ಗಂಡ, ಹೆಂಡತಿ, ಎರಡು ಮಕ್ಕಳು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಮಂಗಳೂರಿಗೆ, ಅಲ್ಲಿಂದ ಉಡುಪಿ ದಾರಿಯಲ್ಲಿ ಮೂವತ್ತು ಕಿಲೋಮೀಟರು ಹೋದರೆ ಮೂಲ್ಕಿ. ಹತ್ತಿರದ ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡೂ ನದಿಗಳು ಕೂಡಿ ಸಮುದ್ರ ಸೇರುತ್ತವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಸಣ್ಣ ಪಟ್ಟಿಯಷ್ಟು ಮರಳು, ಗಾಳಿಮರದ ತೋಪು.

ಮೂಲ್ಕಿಗೆ ಜನ ಬರುವುದು ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವ ಸರ್ಫಿಂಗ್ ಆಟಕ್ಕೆ. ಅಮೆರಿಕದಿಂದ ಬಂದ ಜಾಕ್ ಹೆಬ್ನರ್ ಎಂಬ ಕೃಷ್ಣಭಕ್ತರು ಇಲ್ಲಿ ಆಶ್ರಮ ಮಾಡಿಕೊಂಡು, 2004ರ ಹೊತ್ತಿಗೆ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. 2016ರಲ್ಲಿ ಸಸಿಹಿತ್ಲಿನಲ್ಲೇ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಮೀನುಗಾರರ ಮಕ್ಕಳು ಈ ಆಟ ಕಲಿತು, ಈಗ ಬೆಂಗಳೂರಿನಿಂದ ಬಂದವರಿಗೆ ತಾವೇ ಕಲಿಸುತ್ತಾರೆ. ಅಲೆಯ ಗುಣ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹಲಗೆ ಮಾತ್ರ ಹೊಸದು.

ನಮ್ಮ ಗಿರಾಕಿಗಳು ಎರಡು ರಾತ್ರಿ ಇದ್ದರು. ಬಹಳ ಒಳ್ಳೆಯ ಜನ. ತಂದ ಅಕ್ಕಿ ಬೇಳೆಯಲ್ಲಿ ಅಡಿಗೆ ಮಾಡಿಕೊಂಡರು, ತಮ್ಮ ಕಸವನ್ನು ತಾವೇ ಚೀಲಕ್ಕೆ ತುಂಬಿದರು, ಗದ್ದಲ ಮಾಡಲಿಲ್ಲ. ಹೊರಡುವ ದಿನ ಆ ಹೆಣ್ಣುಮಗಳು ಖುಷಿಯಿಂದ ಹೇಳಿದರು: “ಎರಡು ದಿನ ಇದ್ದೆವು, ಯಾರಿಗೂ ಒಂದು ಚೂರು ತೊಂದರೆ ಕೊಡಲಿಲ್ಲ ನೋಡಿ.”

ಮಾತು ನಿಜ. ಆದರೆ ಎರಡು ದಿನದಲ್ಲಿ ಅವರು ಆ ಊರಿನ ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ಮಕ್ಕಳಿಗೆ ಹಲಗೆ ಆಟ ಕಲಿಸಿದ ಹುಡುಗನನ್ನೂ ಕೊನೆವರೆಗೆ ‘ಸರ್’ ಎಂದೇ ಕರೆದರು.

ನಮ್ಮ ಹಿರಿಯರಿಗೆ ನೆಂಟನೆಂದರೆ ಮನೆ ಬಿಟ್ಟು ಬಂದವನು. ಅವನಿಗೆ ಮಂಚವಿಲ್ಲ, ಒಲೆಯಿಲ್ಲ. ಅದಕ್ಕೇ ಕೈಕಾಲಿಗೆ ನೀರು ಕೊಡುವುದು, ಚಾಪೆ ಹಾಸುವುದು, ಇದ್ದ ಮುದ್ದೆಯಲ್ಲೇ ಅವನಿಗೂ ಒಂದು ಕಟ್ಟುವುದು. ಬಂದವನಿಗೂ ಗೊತ್ತಿರುತ್ತದೆ, ತಾನು ಇವರ ಋಣದಲ್ಲಿದ್ದೇನೆ ಅಂತ. ಉಂಡ ಮನೆಯ ಜಂತೆ ಎಣಿಸಬೇಡ ಎನ್ನುವ ಗಾದೆ ಹುಟ್ಟಿದ್ದು ಇಂಥ ಋಣದಿಂದ. ಮನೆಯನ್ನೇ ತಂದವನು ಯಾರ ಮನೆಯಲ್ಲೂ ಉಣ್ಣುವುದಿಲ್ಲ, ಆದ್ದರಿಂದ ಯಾರಿಗೂ ಋಣಿಯಲ್ಲ. ಹಾಗಾಗಿ ಅವನು ನೆಂಟನಲ್ಲ. ಮೊದಲು ನನಗೆ ಹೊಳೆದದ್ದು ಇಷ್ಟು, ಇದೇ ಸರಿ ಎಂದುಕೊಂಡಿದ್ದೆ. ಯೋಚನೆ ಮಾಡುತ್ತಾ ಹೋದ ಹಾಗೆ ಅದು ಅರ್ಧ ಸತ್ಯವೆಂದು ಕಂಡಿತು.

ಮೊದಲನೆಯದಾಗಿ, ಮನೆ ಹೊತ್ತು ತಿರುಗುವುದು ನಮಗೇನು ಹೊಸದಲ್ಲ. ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವಾಗ ನಮ್ಮ ಅಜ್ಜಂದಿರು ಎತ್ತಿನ ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ರಾಗಿಹಿಟ್ಟು, ಸೌದೆ, ಮಡಕೆ, ಕಂಬಳಿ ಎಲ್ಲ ತುಂಬಿಕೊಂಡೇ ಹೊರಡುತ್ತಿದ್ದರು. ಮರದ ಕೆಳಗೆ ಗಾಡಿ ಬಿಚ್ಚಿ ಮೂರು ಕಲ್ಲು ಹೂಡಿದರೆ ಅದೇ ಮನೆ. ಕುರಿ ಮಂದೆಯವರೂ ಹಾಗೇ. ಕುರಿ, ನಾಯಿ, ಮಕ್ಕಳು, ಸಾಮಾನು ಎಲ್ಲ ಜೊತೆಯಲ್ಲೇ. ಆದರೆ ಅವರು ಬಂದಾಗ ಹೊಲದವನನ್ನು ಕೇಳಿ ಮಂದೆ ನಿಲ್ಲಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಅವರಿಗೆ ಒಂದಿಷ್ಟು ದವಸ ಸಿಗುತ್ತಿತ್ತು. ಮನೆ ಹೊತ್ತು ಬಂದರೂ ಅವರು ಊರಿಗೆ ಹೊರಗಿನವರಾಗಿ ಉಳಿಯಲಿಲ್ಲ. ಹಾಗಾದರೆ ತಪ್ಪು ಗಾಲಿಯ ಮೇಲಿನ ಮನೆಯದಲ್ಲ.

ಎರಡನೆಯದು ಹೇಳಲು ನಾಚಿಕೆಯಾಗುವ ಮಾತು. ನಮ್ಮ ಆ ಹಳೆಯ ಆತಿಥ್ಯ ಎಲ್ಲರಿಗೂ ಇತ್ತೇ? ನೀರು ಕೊಡುವ ಮೊದಲು “ಯಾವ ಊರು?” ಎಂದು ಕೇಳುತ್ತಿದ್ದೆವು, ಅದರ ಹಿಂದೆಯೇ “ಯಾವ ಜನ?” ಎಂದು ಕೇಳುತ್ತಿದ್ದೆವು. ಎರಡನೆಯದಕ್ಕೆ ಬಂದ ಉತ್ತರ ನೋಡಿಕೊಂಡು ಕೆಲವರನ್ನು ಒಳಗೆ ಕರೆದೆವು, ಕೆಲವರಿಗೆ ಜಗುಲಿ ತೋರಿಸಿದೆವು, ಕೆಲವರಿಗೆ ಬೀದಿಯಲ್ಲೇ ಕೈಗೆ ನೀರು ಹೊಯ್ದೆವು. ಆ ಪ್ರಶ್ನೆಯನ್ನು ಜೀವಮಾನವೆಲ್ಲ ಎದುರಿಸಿದ ಮನುಷ್ಯನೊಬ್ಬ ತನ್ನ ಹಾಸಿಗೆ, ತನ್ನ ಲೋಟ, ತನ್ನ ಬಾಗಿಲು ತಾನೇ ತಂದುಕೊಳ್ಳುತ್ತೇನೆ ಎಂದರೆ ಅವನಿಗೆ ‘ನಮ್ಮ ಋಣಕ್ಕೆ ಬರಲಿಲ್ಲ ನೀನು’ ಎನ್ನುವ ಬಾಯಿ ನಮಗಿದೆಯೇ? ಹೆಣ್ಣುಮಕ್ಕಳ ವಿಷಯವೂ ಅಷ್ಟೇ. ಪರಸೆಗೆ ಹೋದ ನಮ್ಮ ತಾಯಂದಿರು ಕತ್ತಲಾಗುವವರೆಗೆ ಹೊಟ್ಟೆ ಕಟ್ಟಿಕೊಂಡು ಕಾದದ್ದು ಯಾವ ಕತೆಯಲ್ಲೂ ಬರುವುದಿಲ್ಲ. ಬಾಗಿಲು ಹಾಕಿಕೊಳ್ಳುವ ಒಂದು ಕಕ್ಕಸು ಜೊತೆಯಲ್ಲಿ ಬರುತ್ತದೆಂದರೆ ಅದು ಶೋಕಿಯಲ್ಲ, ಮಾನ. ಇದನ್ನು ತೂಗದೆ ಹಳೆಯದೇ ಚೆನ್ನ ಎಂದು ಬರೆಯುವುದು ಸುಲಭ, ಆದರೆ ಅದು ಸುಳ್ಳು.

ಮೂರನೆಯದು ನನ್ನದೇ ತಪ್ಪು. ಅದಕ್ಕೆ ಬರುವ ಮೊದಲು ಸ್ವಲ್ಪ ದೂರದ ಕತೆ ಹೇಳಬೇಕು.

ವಿಹಾರಕ್ಕೆಂದು ಕಾರವಾನ್ ಕಟ್ಟಿಸಿಕೊಂಡ ಮೊದಲಿಗರಲ್ಲಿ ಒಬ್ಬರು ಗೋರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು. ನೌಕಾಪಡೆಯಲ್ಲಿ ಇದ್ದವರು. 1885ರಲ್ಲಿ ಕುದುರೆ ಎಳೆಯುವ ಬಂಗಲೆಯಂಥ ಗಾಡಿ ಮಾಡಿಸಿ, ಅದಕ್ಕೆ ‘ವಾಂಡರರ್’ ಎಂದು ಹೆಸರಿಟ್ಟು, ದೇಶ ಸುತ್ತಿ ಪುಸ್ತಕ ಬರೆದರು. ಅವರಿಗಿಂತ ಎಷ್ಟೋ ಮೊದಲಿನಿಂದ ಅದೇ ದೇಶದಲ್ಲಿ ರೋಮಾ ಜನ, ಅಂದರೆ ಜಿಪ್ಸಿಗಳು, ಸಂಚಾರದಲ್ಲೇ ಬದುಕುತ್ತಿದ್ದರು. ಡಾಕ್ಟರ ಗಾಡಿ ನೋಡಿ ಜನ ಮೆಚ್ಚಿದರು. ಜಿಪ್ಸಿಗಳ ಗಾಡಿ ನೋಡಿ ಊರಾಚೆ ಅಟ್ಟಿದರು. ಇವತ್ತು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ನ್ಯೂಕೀ ಎಂಬ ಊರು ಅಲೆಯಾಟಕ್ಕೂ ಕಾರವಾನ್ ರಜೆಗೂ ಹೆಸರುವಾಸಿ. ಆದರೆ ಅದೇ ದೇಶ, ಸಂಚಾರಿ ಜನಕ್ಕೆ ಗಾಡಿ ನಿಲ್ಲಿಸಲು ಸ್ಥಳೀಯ ಆಡಳಿತ ಜಾಗ ಒದಗಿಸಬೇಕೆಂದು 1968ರಲ್ಲಿ ಮಾಡಿದ ಕಾನೂನಿನ ಆ ಕಟ್ಟಳೆಯನ್ನು 1994ರಲ್ಲಿ ತೆಗೆದುಹಾಕಿತು. ನಮ್ಮ ದೇಶದಲ್ಲೂ 1871ರಲ್ಲಿ ಬ್ರಿಟಿಷರು ಒಂದು ಕಾಯಿದೆ ತಂದು, ಎಷ್ಟೋ ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಬರೆದರು. ಸ್ವತಂತ್ರ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ ಅದು ಹೋಯಿತು. ಕಾಗದದಿಂದ ಹೋಯಿತು, ನಮ್ಮ ಕಣ್ಣಿನಿಂದ ಪೂರ್ತಿ ಹೋಗಿಲ್ಲ.

ಹೇಗೆ ಹೋಗಿಲ್ಲವೆಂದರೆ, ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ಅದೇ ಬೀಳು ಭೂಮಿಯಲ್ಲಿ ಒಂದು ಲಗೇಜ್ ಆಟೋ ಬಂದು ನಿಂತಿತ್ತು. ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವ ಸಂಸಾರ. ಆಟೋದ ಹಿಂಬದಿಗೆ ಟಾರ್ಪಾಲ್ ಕಟ್ಟಿ, ಒಳಗೆ ಹಾಸಿಗೆ, ಸ್ಟವ್ವು, ಪಾತ್ರೆಯ ಮೂಟೆ, ಎರಡು ಮಕ್ಕಳು, ಬುಟ್ಟಿ ಕೆಳಗೆ ಒಂದು ಕೋಳಿ. ಆ ಹೆಂಗಸು ಬಂದು ಕೇಳಿದಳು, “ಸಾಮಿ, ಎರಡು ದಿನ ಇದ್ದು ಹೋಯ್ತೀವಿ.” ನಾನು, “ಇಲ್ಲಿ ಬ್ಯಾಡ ಕಣಮ್ಮ, ಆನೆ ಬತ್ತದ” ಎಂದೆ. ಆನೆ ಬರುವುದು ನಿಜ. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಆನೆಯಲ್ಲ, ನನ್ನ ಪಂಪ್‌ಸೆಟ್ಟಿನ ವೈರು. ಅವಳು ನನ್ನ ಮುಖ ನೋಡಿದಳು, ಜಗಳ ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಕಟ್ಟಿಕೊಂಡು ಕತ್ತಲಲ್ಲಿ ಹೊರಟುಹೋದರು.

ಈಗ ಅದೇ ಜಾಗಕ್ಕೆ ಮನೆ ಹೊತ್ತ ಇನ್ನೊಂದು ಗಾಡಿ ಬರುತ್ತದೆ, ಬಾಡಿಗೆ ಎಷ್ಟು ಕೇಳಲಿ ಎಂದು ನಾನು ಯೋಚಿಸುತ್ತಿದ್ದೇನೆ. ಎರಡಕ್ಕೂ ಗಾಲಿ ಇದೆ, ಒಲೆ ಇದೆ, ಮಕ್ಕಳಿದ್ದಾರೆ. ಒಂದನ್ನು ಕಳ್ಳರೆಂದು ಅಂದುಕೊಂಡೆ, ಇನ್ನೊಂದನ್ನು ನೆಂಟರೆಂದುಕೊಳ್ಳಲು ತಯಾರಾಗಿದ್ದೇನೆ. ಕೇಳಿ ನಿಂತವರು ಮೊದಲಿನವರೇ. ವಚನಕಾರರು ಜಂಗಮಕ್ಕೆ ಅಷ್ಟು ದೊಡ್ಡ ಜಾಗ ಕೊಟ್ಟ ನಾಡಿನಲ್ಲಿ ಹುಟ್ಟಿಯೂ, ಚಲಿಸುವ ಮನುಷ್ಯನನ್ನು ನಾನು ಅಳೆದದ್ದು ಅವನ ಗಾಡಿಯ ಬೆಲೆಯಲ್ಲಿ.

ಮೂಲ್ಕಿಯ ಜನಕ್ಕೆ ಈ ವಿಷಯದಲ್ಲಿ ನನಗಿಂತ ಹಳೆಯ ತಿಳಿವಳಿಕೆ ಇದೆ. ಅಲ್ಲಿ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವಿದೆ. ಐತಿಹ್ಯದ ಪ್ರಕಾರ ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವ್ಯಾಪಾರಿಯ ಹಡಗು ಶಾಂಭವಿ ಹೊಳೆಯಲ್ಲಿ ಮುಂದಕ್ಕೆ ಹೋಗದೆ ನಿಂತುಬಿಟ್ಟಿತು. ದೇವಿ ಕನಸಿನಲ್ಲಿ ಕಂಡಳು, ಅವನು ಗುಡಿ ಕಟ್ಟಿಸಿದ. ಊರಿಗೇ ಅವನ ಹೆಸರು ಬಂತು. ಇವತ್ತಿಗೂ ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತದೆ. ಹಡಗೆಂದರೂ ಮನೆಯೇ, ಒಲೆ ಹಾಸಿಗೆ ಎಲ್ಲ ಇರುವ ಮನೆ. ಅವನಿಗೂ ಊರಿನಿಂದ ಏನೂ ಬೇಕಾಗಿರಲಿಲ್ಲ. ಆದರೆ ನಿಂತ ಜಾಗದಲ್ಲಿ ಇಳಿದು, ಈ ಊರು ನನ್ನಿಂದ ಏನು ಕೇಳುತ್ತಿದೆ ಎಂದು ಕಿವಿಗೊಟ್ಟ. ಊರೂ ಅವನ ಜಾತಿ ಕೇಳಿ ಜಗುಲಿಯಲ್ಲೇ ನಿಲ್ಲಿಸಲಿಲ್ಲ. ಕತೆ ಎಷ್ಟು ನಿಜವೋ, ಅದನ್ನು ಇಷ್ಟು ಕಾಲ ಉಳಿಸಿಕೊಂಡ ಜನರ ಮನಸ್ಸಂತೂ ನಿಜ.

ಮೂಲ್ಕಿಗೆ ಹೋದವನು ಇನ್ನೊಂದನ್ನೂ ಕಂಡೆ. ಸಸಿಹಿತ್ಲಿನಲ್ಲಿ ಎರಡನೆಯ ದಿನ ಬೆಳಿಗ್ಗೆ ಮೀನುಗಾರರು ದಡದಿಂದ ಕೈರಂಪಣಿ ಬಲೆ ಎಳೆಯುತ್ತಿದ್ದರು. ಎರಡೂ ಕಡೆ ಸಾಲಾಗಿ ನಿಂತು, ಹಗ್ಗ ಸೊಂಟಕ್ಕೆ ಆನಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಅದಕ್ಕೆ ಉದ್ದಕ್ಕೂ ಖಾಲಿ ಮರಳು ಬೇಕು. ನಮ್ಮ ಗಾಡಿ ಸರಿಯಾಗಿ ಅವರ ಹೆಜ್ಜೆಯ ದಾರಿಯಲ್ಲಿ ನಿಂತಿತ್ತು. ಅವರು ಬೈಯಲಿಲ್ಲ. ಒಬ್ಬ ಮುದುಕ ಗಾಡಿಯ ಮೈ ತಟ್ಟಿ “ಸ್ವಲ್ಪ ಆಚೆ” ಎಂದು ಕೈಸನ್ನೆ ಮಾಡಿದ. ಅಳಿಯ ತೆಗೆದ. ಆಮೇಲೆ ತಾನೂ ಹೋಗಿ ಹಗ್ಗಕ್ಕೆ ಕೈಹಾಕಿದ. ಬಲೆ ಬಂದ ಮೇಲೆ ಆ ಮುದುಕ ಅವನಿಗೆ ಒಂದಿಷ್ಟು ಬೂತಾಯಿ ಮೀನು ಕೊಟ್ಟು ಯಾವೂರು ಎಂದು ಕೇಳಿದ. ಎರಡು ದಿನದಲ್ಲಿ ನಮ್ಮ ಗಾಡಿಯವರ ಪೈಕಿ ಆ ಊರು ಮಾತನಾಡಿಸಿದ್ದು ಅವನೊಬ್ಬನನ್ನೇ.

ಯಾರಿಗೂ ತೊಂದರೆ ಕೊಡಲಿಲ್ಲ ಎಂದ ಆ ಹೆಣ್ಣುಮಗಳಿಗೆ ಆ ಹೊತ್ತಿನಲ್ಲಿ ಎಚ್ಚರವಾಗಿರಲಿಲ್ಲ. ಗಾಡಿ ಸರಿದದ್ದೂ ಗೊತ್ತಾಗಲಿಲ್ಲ. ತೊಂದರೆ ಕೊಡಬಾರದು ಎನ್ನುವ ಮನಸ್ಸು ದೊಡ್ಡದು, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಭೂಮಿಯ ಮೇಲೆ ಒಂದು ರಾತ್ರಿ ಮಲಗಿದವನ ಭಾರ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಮೇಲಿನ ಟ್ಯಾಂಕಿಗೆ ತುಂಬಿದ ನೀರು ಯಾವುದೋ ಊರಿನ ಬೋರ್‌ವೆಲ್ಲಿನದು. ಕೆಳಗಿನ ಟ್ಯಾಂಕಿನ ಕೊಳೆ ಎಲ್ಲಾದರೂ ಖಾಲಿಯಾಗಲೇಬೇಕು. ಕಡಲ ತೀರದಲ್ಲಿ ಕಟ್ಟಡ ಕಟ್ಟಲು 1991ರಿಂದ ನಿಯಮಗಳಿವೆ, 2019ರ ಅಧಿಸೂಚನೆ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ಅವಕಾಶವನ್ನೂ ಕೊಟ್ಟಿದೆ. ಅಡಿಪಾಯವಿಲ್ಲದ ಮನೆ ನಾಳೆ ಇರುವುದಿಲ್ಲ, ಆದ್ದರಿಂದ ಇವತ್ತೂ ಲೆಕ್ಕಕ್ಕಿಲ್ಲ ಎಂದು ನಾವು ಸುಲಭವಾಗಿ ತಿಳಿಯುತ್ತೇವೆ. ದಿನಕ್ಕೊಂದು ಗಾಡಿ ಹೋಗಿ ಇನ್ನೊಂದು ಬಂದರೆ, ಆ ಮರಳಿಗೆ ಅದು ತಾತ್ಕಾಲಿಕವಲ್ಲ. ಮಳೆಗಾಲ ಬಂದರೆ ಅಲ್ಲಿ ಕಡಲ್ಕೊರೆತ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ತಿಂಗಳುಗಳಲ್ಲಿ ಬೋಟಿನ ಕೂಲಿಯವರ ಒಲೆ ಹೇಗೆ ಉರಿಯುತ್ತದೆಂದು ರಜೆಗೆ ಬಂದವರು ನೋಡುವುದಿಲ್ಲ. ಅವರು ಬರುವುದೇ ಕಡಲು ನಗುವಾಗ.

ಇನ್ನೊಂದು ಭಾರವನ್ನು ನಾನು ಕಣ್ಣಾರೆ ಕಂಡೆ. ಮೊದಲ ರಾತ್ರಿ ಊಟವಾದ ಮೇಲೆ ಅಳಿಯನನ್ನು ಕೇಳಿದೆ, “ನೀನೆಲ್ಲಿ ಮನಗ್ತಿಯಪ್ಪ?”

“ಇಲ್ಲೇ ಸೀಟಲ್ಲೇ ಕನ ಮಾವ. ನೀನು ಸೀಟಲ್ಲಿ ಮನಿಕೊ, ನಾನು ಇವತ್ತು ಮರಳ ಮ್ಯಾಲ ಚಾಪೆ ಹಾಕತೀನಿ.”

“ನೀರು, ಕಕ್ಕಸು?”

“ಪೆಟ್ರೋಲ್ ಬಂಕ್‌ಗೆ ಹೋಗ್ತೀನಿ. ಒಳಗಿಂದು ಗಿರಾಕಿಗಳಿಗೆ.”

ಮಂಚ, ಕಕ್ಕಸು, ತಣ್ಣೀರು ಬಿಸಿನೀರು ಎಲ್ಲ ಇರುವ ಮನೆ. ಆ ಮನೆಯನ್ನು ಆರು ನೂರು ಮೈಲಿ ಹೊತ್ತು ತಿರುಗಿಸುವವನಿಗೆ ಅದರಲ್ಲಿ ಒಂದು ಮೂಲೆ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಅವನ ಹಾಸಿಗೆ ಸೀಟಿನಷ್ಟು. ಆ ಡಾಕ್ಟರ್ ಸ್ಟೇಬಲ್ಸ್ ಗಾಡಿಯ ಜೊತೆಗೂ ಕುದುರೆ ಹೊಡೆಯುವವನೊಬ್ಬ, ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗುವ ಸೇವಕನೊಬ್ಬ ಇದ್ದರಂತೆ. ನಮ್ಮ ತಮಿಳುನಾಡು ಸರ್ಕಾರ 2023ರಲ್ಲಿ, ಹೋಟೆಲು ಲಾಡ್ಜುಗಳಲ್ಲಿ ಡ್ರೈವರುಗಳಿಗೆ ಮಲಗುವ ಕೋಣೆ, ಶೌಚಾಲಯ ಇರಲೇಬೇಕೆಂದು ನಿಯಮ ಮಾಡಿತು. ಒಳ್ಳೆಯ ಕೆಲಸ. ಆದರೆ ಗಾಡಿಯೇ ಲಾಡ್ಜಾದಾಗ ಆ ಕೋಣೆಯನ್ನು ಎಲ್ಲಿ ಹುಡುಕುವುದು?

ಆ ರಾತ್ರಿ ಮರಳ ಮೇಲೆ ಮಲಗಿದ್ದ ಅವನನ್ನು ನೋಡಿ ನನ್ನ ಪ್ರಶ್ನೆಯೇ ಬದಲಾಯಿತು. ಬಂದವರು ನೆಂಟರೋ ಗಿರಾಕಿಗಳೋ ಎನ್ನುವುದು ದೊಡ್ಡದಲ್ಲ. ನೆಂಟನೂ ಕಟುಕನಾಗಬಹುದು, ಗಿರಾಕಿಯೂ ಸಜ್ಜನನಾಗಬಹುದು. ನನ್ನ ಸುಖದ ಭಾರ ಯಾರ ಮೈಮೇಲೆ ಇದೆ, ಅವನ ಹೆಸರು ನನಗೆ ಗೊತ್ತೆ, ಅವನನ್ನು ಒಂದು ಮಾತು ಕೇಳಿದೆನೆ? ಪ್ರಯಾಣ ಹೊರಟವನೂ ಈ ಪ್ರಶ್ನೆ ಹಾಕಿಕೊಳ್ಳಬೇಕು, ಜಾಗ ಕೊಡುವವನೂ ಹಾಕಿಕೊಳ್ಳಬೇಕು. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ವಾಚನಾಲಯಕ್ಕೆ ಬರುವ ಮಕ್ಕಳಿಗೆ ನಾವೇ ಹೇಳುತ್ತೇವೆ. ಸುತ್ತುವುದು ತಪ್ಪಲ್ಲ. ನಮ್ಮ ಮಕ್ಕಳೂ ಕಡಲು ನೋಡಲಿ, ಹಲಗೆಯ ಮೇಲೆ ನಿಂತು ಬೀಳಲಿ. ಆದರೆ ಕೋಶ ಓದುವಾಗ ಬರೆದವನ ಹೆಸರು ನೋಡುವ ಹಾಗೆ, ದೇಶ ಸುತ್ತುವಾಗ ಹಗ್ಗ ಎಳೆಯುವವನ ಹೆಸರನ್ನೂ ಕೇಳಲಿ.

ಕೊನೆಗೆ ಅಳಿಯನಿಗೆ ನನ್ನ ಉತ್ತರ ಹೇಳಿದೆ. ಹಳ್ಳದ ಮೇಲಿನ ಜಾಗ ಕೊಡಲ್ಲ, ಅದು ಆನೆ ದಾರಿ, ರಾತ್ರಿ ದೀಪ ಉರಿಸುವ ಜಾಗವಲ್ಲ. ಮನೆ ಪಕ್ಕದ ಕಣ ಕೊಡುತ್ತೇನೆ, ನಾಲ್ಕು ಗಾಡಿಗಲ್ಲ, ಎರಡಕ್ಕೆ. ಬೇಸಿಗೆಯಲ್ಲಿ ನಮ್ಮ ಬೋರಿನಲ್ಲಿ ನೀರು ಇಳಿಯುತ್ತದೆ, ಆಗ ಟ್ಯಾಂಕು ತುಂಬಿಕೊಂಡೇ ಬರಬೇಕು. ಕೊಳೆ ನೀರು ನಮ್ಮ ಊರಿನ ಮಣ್ಣಿಗೆ ಬಿಡುವಂತಿಲ್ಲ. ಬಂದ ದಿನ ಒಂದು ಹೊತ್ತಿನ ಊಟ ನಮ್ಮ ಮನೆಯಲ್ಲಿ, ಅದಕ್ಕೆ ದುಡ್ಡಿಲ್ಲ, ಜಾತಿ ಕೇಳುವುದೂ ಇಲ್ಲ. ಡ್ರೈವರು ಯಾರೇ ಆಗಲಿ, ಅವನಿಗೆ ಹಾಸಿಗೆ, ಸ್ನಾನ ನಮ್ಮಲ್ಲಿ.

ಅವನು ನಕ್ಕ. “ಮಾವ, ಅವ್ರು ಊಟಕ್ಕೆ ಬರಲ್ಲ ಕನ. ಯಾರ ಹಂಗೂ ಬ್ಯಾಡ ಅಂತಲ್ವ ಈ ಗಾಡಿ ತಕ್ಕಳದು?”

ಇರಬಹುದು. ಬಾರದೆ ಹೋದರೆ ಬೇಡ, ಕರೆಯುವುದು ನನ್ನ ಕೆಲಸ. ಗಾಡಿ ಇನ್ನೂ ಒಂದೂ ಬಂದಿಲ್ಲ. ಕಣದ ಕೊಟ್ಟಿಗೆಗೆ ಹೆಂಚು ಹೊದಿಸಿ, ಒಂದು ಮಂಚ ಹಾಕಿಸಿದ್ದೇನೆ, ಪಕ್ಕದಲ್ಲಿ ಬಚ್ಚಲಿಗೆ ಬಾಗಿಲು ಇಡಿಸಿದ್ದೇನೆ. ಕೂದಲಿಗೆ ಪಾತ್ರೆ ಕೊಡುವವರು ಎರಡು ವರ್ಷದಿಂದ ನಮ್ಮ ಬೀದಿಗೆ ಬಂದಿಲ್ಲ. ಬೇರೆ ದಾರಿ ಹಿಡಿದಿರಬೇಕು. ಆ ಹೆಂಗಸಿನ ಹೆಸರನ್ನು ನಾನು ಕೇಳಿರಲಿಲ್ಲ. ಈ ಕಡೆ ಯಾರಿಗಾದರೂ ಅವರು ಸಿಕ್ಕಿದರೆ, ಕಣದಲ್ಲಿ ಜಾಗ ಇದೆ, ಬಾಡಿಗೆ ಇಲ್ಲ ಎಂದು ಹೇಳಿ.